ಮುಲುಂಡಿನ ಕನ್ನಡ ಗ್ರಂಥಾಲಯದಲ್ಲಿ ಪುಕ್ಕಟೆ ಜನರೇಟರ್‌ಗಳು: ಬಾರ್‌ಕೋಡಿನಿಂದ ಪದಬಂಧದವರೆಗೆ

ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಕನ್ನಡ ಸಂಘದ ಗ್ರಂಥಾಲಯದಲ್ಲಿ ಮೂರು ಸಾವಿರದ ಆಸುಪಾಸು ಪುಸ್ತಕಗಳಿವೆ. ಅದರಲ್ಲಿ ದೊಡ್ಡ ಪಾಲು ಫೋರ್ಟ್ ಕಡೆ ನಡೆಯುತ್ತಿದ್ದ ಒಂದು ಕನ್ನಡ ರಾತ್ರಿಶಾಲೆ ಮುಚ್ಚಿದಾಗ ನಮ್ಮ ಪಾಲಿಗೆ ಬಂದದ್ದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಲು ಬರುತ್ತಿದ್ದ ಹುಡುಗರ ಸಹಿ ಎಷ್ಟೋ ಪುಸ್ತಕಗಳ ಕೊನೆಯ ಹಾಳೆಯಲ್ಲಿ ಇನ್ನೂ ಇದೆ. ಇವನ್ನು ಯಾರೂ ಹುಡುಕಲಾಗದ ರಾಶಿಯಾಗಿ ಬಿಡಲು ನಮಗೆ ಮನಸ್ಸಿರಲಿಲ್ಲ.

ಕೆಲಸ ಇಷ್ಟು: ಪ್ರತಿ ಪುಸ್ತಕಕ್ಕೂ ಅಕ್ಸೆಷನ್ ನಂಬರ್ (ಗ್ರಂಥಾಲಯ ಒಂದೊಂದು ಪ್ರತಿಗೂ ಕೊಡುವ ಕ್ರಮಸಂಖ್ಯೆ) ಮತ್ತು ಬಾರ್‌ಕೋಡ್ ಹಚ್ಚುವುದು, ಪಟ್ಟಿಯನ್ನು ಕನ್ನಡದಲ್ಲೇ ಹುಡುಕುವಂತೆ ಮಾಡುವುದು, ಆಗಸ್ಟ್ 12ಕ್ಕೆ ಮಕ್ಕಳಿಗೊಂದಿಷ್ಟು ಆಟ ಸಿದ್ಧಪಡಿಸುವುದು. ಆಗಸ್ಟ್ 12 ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಹುಟ್ಟಿದ ದಿನ. ದೇಶದ ಗ್ರಂಥಪಾಲಕರೆಲ್ಲ ಅದನ್ನು ತಮ್ಮ ದಿನವೆಂದು ಆಚರಿಸುತ್ತಾರೆ. ಸಂಘದಿಂದ ದುಡ್ಡು ಸಿಕ್ಕಿದ್ದು ಸ್ಟಿಕರ್ ಶೀಟ್, ಪ್ರಿಂಟ್ ಮತ್ತು ಒಂದು ಸ್ಕ್ಯಾನರಿಗೆ ಮಾತ್ರ. ಗ್ರಂಥಾಲಯ ನಡೆಸಲೆಂದೇ ಇರುವ ಕೋಹಾದಂಥ ಮುಕ್ತ ತಂತ್ರಾಂಶ ಹಾಕಬಹುದಿತ್ತು. ಒಳ್ಳೆಯದೇ, ಆದರೆ ಅದನ್ನು ದಿನನಿತ್ಯ ನೋಡಿಕೊಳ್ಳುವವರು ಬೇಕು. ನಮ್ಮಲ್ಲಿರುವುದು ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಭಾನುವಾರ ಬರುವ ಸ್ವಯಂಸೇವಕರು. ಹಾಗಾಗಿ ಬ್ರೌಸರಿನಲ್ಲೇ ಕೆಲಸ ಮಾಡುವ ಪುಕ್ಕಟೆ ಜನರೇಟರ್‌ಗಳನ್ನು, ಅಂದರೆ ನಾವು ಕೊಟ್ಟ ಪದ ಅಥವಾ ಸಂಖ್ಯೆಯಿಂದ ಬೇಕಾದ್ದನ್ನು ತಯಾರಿಸಿಕೊಡುವ ಜಾಲತಾಣಗಳನ್ನು, ಒಂದೊಂದಾಗಿ ಹಿಡಿದು ನೋಡಿದೆವು.

ಶುರುವಿನಲ್ಲೇ ಒಂದು ಕಟ್ಟುನಿಟ್ಟು ಮಾಡಿಕೊಂಡೆವು. ಪುಸ್ತಕದ ಮೇಲೆ ಅಂಟಿ ಕೂರುವ ಯಾವುದೂ, ಅದನ್ನು ತಯಾರಿಸಿದ ಜಾಲತಾಣ ನಾಳೆ ಮುಚ್ಚಿದರೂ ಕೆಲಸ ಮಾಡಬೇಕು. ಆಟದ ಸಾಮಾನಿಗೆ ಈ ಷರತ್ತಿಲ್ಲ. ಜೊತೆಗೆ ಪ್ರತಿ ಹೊಸ ಸಾಧನಕ್ಕೂ ಮೊದಲು ಹಾಕುವುದು ಒಂದೇ ಸಾಲು: ‘ಕರ್ನಾಟಕ ಶಾಸ್ತ್ರ ಬೆಂಗಳೂರು’. ಅರ್ಕಾವತ್ತು, ಎರಡು ಒತ್ತು, ಸೊನ್ನೆ, ಕೊಂಬು ಎಲ್ಲ ಅದರಲ್ಲಿವೆ. ಈ ಸಾಲು ನೆಟ್ಟಗೆ ಹೊರಬಂದರೆ ಮುಂದಿನ ಮಾತು.

ನುಡಿಯಿಂದ ಯೂನಿಕೋಡಿಗೆ

ಹಿಂದೆ ಯಾರೋ ಪುಣ್ಯಾತ್ಮರು ಸುಮಾರು ಅರ್ಧ ರಿಜಿಸ್ಟರನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿಟ್ಟಿದ್ದರು. ಆ ಕಾಲದ ಫಾಂಟ್‌ಗಳಲ್ಲಿ ಕನ್ನಡ ಕಾಣುತ್ತದೆ ಅಷ್ಟೇ. ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಫಾಂಟ್ ಬದಲಿಸಿದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಇದನ್ನು ಯೂನಿಕೋಡಿಗೆ, ಅಂದರೆ ಕನ್ನಡಕ್ಕೆ ಅದರದೇ ಸಂಕೇತಗಳಿರುವ ಪದ್ಧತಿಗೆ, ತಿರುಗಿಸುವ ಪರಿವರ್ತಕಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ಅಂಟಿಸಿ, ಒಂದು ಗುಂಡಿ ಒತ್ತಿದರೆ ಆಯಿತು.

ಆದರೆ ಪರಿವರ್ತಕದ ಗುಣ ತಿಳಿಯುವುದು ಅರ್ಕಾವತ್ತಿನಲ್ಲಿ. ‘ಕರ್ನಾಟಕ’ವನ್ನು ಉಚ್ಚರಿಸುವಾಗ ‘ರ್’ ಮೊದಲು, ‘ನಾ’ ಆಮೇಲೆ. ಯೂನಿಕೋಡಿನಲ್ಲೂ ಅದೇ ಕ್ರಮ. ಹಳೆಯ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವ ಕ್ರಮವಿದ್ದುದರಿಂದ ಅರ್ಕಾವತ್ತು ‘ನಾ’ ಆದಮೇಲೆ ಬರುತ್ತದೆ. ಒಳ್ಳೆಯ ಪರಿವರ್ತಕ ಅದನ್ನು ಹಿಂದಕ್ಕೆ ಒಯ್ದು ಕೂರಿಸುತ್ತದೆ. ಕೆಟ್ಟದ್ದು ‘ಕನಾ’ ಮತ್ತು ‘ಟಕ’ಗಳ ನಡುವೆ ಒಂದು ಪರದೇಶಿ ಅಕ್ಷರ ಬಿಟ್ಟುಹೋಗುತ್ತದೆ. ನಾವು ಪರೀಕ್ಷಿಸಿದ ಒಂದರಲ್ಲಿ ಹೀಗೇ ಆಯಿತು, ಅದನ್ನು ಅಲ್ಲೇ ಕೈಬಿಟ್ಟೆವು.

ಒಳ್ಳೆಯ ಪರಿವರ್ತಕವಾದರೂ ಬೇರೆ ಒಂದು ತೊಡಕು ಉಳಿಯುತ್ತದೆ. ಒಂದೇ ಕೋಶದಲ್ಲಿ ನುಡಿಯ ಕನ್ನಡವೂ ನಿಜವಾದ ಇಂಗ್ಲಿಷೂ ಇದ್ದರೆ ಪರಿವರ್ತಕಕ್ಕೆ ಎರಡೂ ಒಂದೇ. ಇಂಗ್ಲಿಷಿನಲ್ಲಿದ್ದ ಪ್ರಕಾಶಕರ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಅದಕ್ಕೆ ಪುಸ್ತಕದ ಹೆಸರು ಮತ್ತು ಲೇಖಕರ ಕಾಲಂಗಳನ್ನು ಮಾತ್ರ ಪರಿವರ್ತಕಕ್ಕೆ ಕೊಟ್ಟೆವು, ಪ್ರಕಾಶಕರ ಕಾಲಂ ಕೈಯಲ್ಲೇ ತುಂಬಿದೆವು. ಆಮೇಲೆ ಸ್ಪ್ರೆಡ್‌ಶೀಟಿನಲ್ಲಿ ಒಂದು ಸೋಸುವಿಕೆ: ಕನ್ನಡ ಅಕ್ಷರ, ಅಂಕಿ, ಖಾಲಿ ಜಾಗ, ವಿರಾಮಚಿಹ್ನೆ ಬಿಟ್ಟು ಬೇರೆ ಏನಾದರೂ ಇರುವ ಸಾಲುಗಳನ್ನೆಲ್ಲ ಬಣ್ಣ ಮಾಡುವುದು. ಎ ಇಂದ ಝಡ್ ವರೆಗೆ ಮಾತ್ರ ಹುಡುಕಿದರೆ ಸಾಲದು, ಉಳಿದುಹೋಗುವ ಚಿಹ್ನೆಗಳು ಆ ಇಪ್ಪತ್ತಾರರ ಆಚೆಯವು.

ಕಡತವನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಮಾಡಿ ಉಳಿಸುವಾಗ ‘ಯುಟಿಎಫ್-8’ ಎಂದಿರುವ ಆಯ್ಕೆಯನ್ನೇ ತೆಗೆದುಕೊಳ್ಳಬೇಕು. ಬರೀ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಹಿಂದಕ್ಕೆ ತರುವ ದಾರಿಯಿಲ್ಲ.

ಬಾರ್‌ಕೋಡ್

ಹೊಸ ಪುಸ್ತಕಗಳ ಹಿಂದಿನ ರಟ್ಟಿನಲ್ಲಿ ಐಎಸ್‌ಬಿಎನ್ (ಪ್ರಕಟವಾದ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಬಾರ್‌ಕೋಡ್ ಇದ್ದೇ ಇರುತ್ತದಲ್ಲ, ಅದನ್ನೇ ಬಳಸಿದರೇನು ಎಂದು ಕೇಳಿದವರಿದ್ದಾರೆ. ನಮ್ಮ ಹಳೆಯ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಐಎಸ್‌ಬಿಎನ್ ಇಲ್ಲ. ಇದ್ದವುಗಳಲ್ಲೂ ಒಂದೇ ಕಾದಂಬರಿಯ ಮೂರು ಪ್ರತಿಗಳಿಗೆ ಒಂದೇ ಸಂಖ್ಯೆ. ಯಾವ ಪ್ರತಿ ಯಾರ ಮನೆಯಲ್ಲಿದೆ ಎಂದು ಹೇಗೆ ಹೇಳುವುದು? ಹಾಗಾಗಿ ಅಕ್ಸೆಷನ್ ನಂಬರೇ ಸೈ. ಆರು ಅಂಕಿ, ಮುಂದೆ ಸೊನ್ನೆ ತುಂಬಿಸಿ: 001247.

ಜನರೇಟರ್ ತೆರೆದರೆ ಹತ್ತಾರು ಬಗೆಯ ಕೋಡ್‌ಗಳ ಹೆಸರು ಬರುತ್ತದೆ. ಗ್ರಂಥಾಲಯಕ್ಕೆ ಒಗ್ಗುವುದು ಮುಖ್ಯವಾಗಿ ಎರಡು, ಕೋಡ್ 39 ಮತ್ತು ಕೋಡ್ 128. ಕೋಡ್ 39 ಹಳೆಯದು, 1974ರದು. ಅದಕ್ಕೆ ಪುಕ್ಕಟೆ ಫಾಂಟ್ ಇದೆ. ಸಂಖ್ಯೆಯ ಹಿಂದೆ ಮುಂದೆ ನಕ್ಷತ್ರಚಿಹ್ನೆ ಹಾಕಿ ಆ ಫಾಂಟ್ ಹಚ್ಚಿದರೆ ಬಾರ್‌ಕೋಡ್ ಸಿದ್ಧ. ಅಷ್ಟು ಸುಲಭವಾದ ಇದನ್ನು ಬಿಟ್ಟು 128 ಆರಿಸಿದ್ದಕ್ಕೆ ಕಾರಣ ಸ್ಟಿಕರಿನ ಅಳತೆ. ಎ4 ಹಾಳೆಗೆ 65 ಸ್ಟಿಕರ್ ಬರುವ ಶೀಟ್‌ನಲ್ಲಿ ಒಂದೊಂದರ ಅಗಲ 38.1 ಮಿಲಿಮೀಟರ್, ಎತ್ತರ 21.2. ಕೋಡ್ 39ರಲ್ಲಿ ಆರಂಕಿಯೂ ಎರಡು ನಕ್ಷತ್ರವೂ ಸೇರಿ ಎಂಟು ಚಿಹ್ನೆ. ದಪ್ಪ ಗೆರೆ ಸಣ್ಣ ಗೆರೆಯ ಮೂರು ಪಟ್ಟು ಎಂದುಕೊಂಡರೆ ಒಟ್ಟು 127 ಸಣ್ಣ ಗೆರೆಗಳ ಅಗಲ ಬೇಕು. ಗೆರೆಗೆ ಕಾಲು ಮಿಲಿಮೀಟರ್ ಕೊಟ್ಟರೂ 31.75 ಮಿಮೀ ಆಗುತ್ತದೆ. ಎರಡೂ ಬದಿಗೆ ಹತ್ತು ಗೆರೆಯಷ್ಟು ಖಾಲಿ ಬಿಟ್ಟರೆ 36.75. ಸ್ಟಿಕರ್ ಒಂದೆಳೆ ಓರೆಯಾದರೂ ಗೆರೆ ಅಂಚಿನಾಚೆ ಹೋಗುತ್ತದೆ.

ಕೋಡ್ 128ರ ‘ಸಿ’ ವಿಧದಲ್ಲಿ ಎರಡೆರಡು ಅಂಕಿ ಸೇರಿ ಒಂದು ಚಿಹ್ನೆ. 001247 ಎಂದರೆ 00, 12, 47 — ಮೂರೇ ಚಿಹ್ನೆ. ಆರಂಭದ ಚಿಹ್ನೆ, ಓದಿದ್ದು ಸರಿಯೇ ಎಂದು ನೋಡುವ ತಾಳೆ ಚಿಹ್ನೆ, ಅಂತ್ಯದ ಚಿಹ್ನೆ ಸೇರಿ 68 ಗೆರೆಗಳ ಅಗಲ. ಅಂದರೆ ಕಾಲು ಮಿಮೀ ಗೆರೆಗೆ 17 ಮಿಮೀ. ಗೆರೆಯನ್ನು ಇನ್ನೂ ದಪ್ಪ ಮಾಡಿ 0.33ಕ್ಕೆ ಏರಿಸಿದರೂ ಬದಿಯ ಖಾಲಿ ಜಾಗ ಸೇರಿ 29 ಮಿಮೀ ಆಸುಪಾಸಿನಲ್ಲಿ ಮುಗಿಯುತ್ತದೆ. ಝೆರಾಕ್ಸ್ ಅಂಗಡಿಯ ಪ್ರಿಂಟರಿಗೂ ಅದು ಸಲೀಸು.

128ರಲ್ಲಿ ತಾಳೆ ಸಂಖ್ಯೆ ಕಡ್ಡಾಯ, ಅದೂ ನನಗೆ ಬೇಕಿತ್ತು. ಜನರೇಟರ್ ಕೊಟ್ಟದ್ದು ಸರಿಯೇ ಎಂದು ಒಂದನ್ನು ಕಾಗದದ ಮೇಲೆ ಲೆಕ್ಕ ಹಾಕಿದೆ. ‘ಸಿ’ ಆರಂಭಚಿಹ್ನೆಯ ಬೆಲೆ 105. ಅದಕ್ಕೆ ಮೊದಲ ಜೋಡಿಯನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ ಗುಣಿಸಿ ಕೂಡಬೇಕು: 105 + 0 + 24 + 141, ಒಟ್ಟು 270. ಅದನ್ನು 103ರಿಂದ ಭಾಗಿಸಿದರೆ ಶೇಷ 64. ಜನರೇಟರ್ ಹಾಕಿದ ತಾಳೆ ಚಿಹ್ನೆಯೂ 64ರದೇ. ಒಂದು ಗೆರೆ ಅಳಿಸಿ ಅಂಕಿ ಬೇರೆಯಾಗಿ ಓದಿದರೆ ಈ ಶೇಷ ಕೂಡಿಬರುವುದಿಲ್ಲ, ಸ್ಕ್ಯಾನರ್ ಸುಮ್ಮನಿರುತ್ತದೆ. ತಪ್ಪು ಪುಸ್ತಕವನ್ನು ಇನ್ನೊಬ್ಬರ ಖಾತೆಗೆ ಬರೆಯುವುದಕ್ಕಿಂತ ಸುಮ್ಮನಿರುವುದು ಎಷ್ಟೋ ಮೇಲು.

ಸ್ಟಿಕರ್ ಶೀಟನ್ನು ಮಸ್ಜಿದ್ ಬಂದರ್ ಸ್ಟೇಷನ್ನಿನಲ್ಲಿ ಇಳಿದು ಅಬ್ದುಲ್ ರೆಹಮಾನ್ ಸ್ಟ್ರೀಟಿನಿಂದ ತಂದೆವು. ಪ್ರಿಂಟಿನಲ್ಲಿ ಗಮನಿಸಬೇಕಾದದ್ದು ಅಳತೆ 100 ಪ್ರತಿಶತವೇ ಇರಬೇಕು ಎಂಬುದು. ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆ ತಾನಾಗಿಯೇ ಆನ್ ಆಗಿರುತ್ತದೆ. ಅದಿದ್ದರೆ ಮೊದಲ ಸಾಲು ಸರಿ ಬಂದು ಹದಿಮೂರನೆಯ ಸಾಲಿನ ಹೊತ್ತಿಗೆ ಗೆರೆಗಳು ಮುಂದಿನ ಸ್ಟಿಕರಿನ ಮೇಲೆ ಹತ್ತಿರುತ್ತವೆ. ಮೊದಲು ಸಾದಾ ಹಾಳೆಯಲ್ಲಿ ಪ್ರಿಂಟ್ ತೆಗೆದು, ಅದರ ಹಿಂದೆ ಸ್ಟಿಕರ್ ಶೀಟ್ ಇಟ್ಟು, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಕೂಡಿದರೆ ಮಾತ್ರ ಸ್ಟಿಕರ್ ಶೀಟನ್ನು ಯಂತ್ರಕ್ಕೆ ಕೊಡುವುದು.

ಲೇಸರ್ ಪ್ರಿಂಟೇ ಬೇಕು ಎಂದು ಹಟ ಹಿಡಿದೆ. ಮುಂಬಯಿಯ ಜೂನ್–ಜುಲೈನಲ್ಲಿ ಗೋಡೆಯೇ ಬೆವರುತ್ತದೆ, ಒದ್ದೆ ಕೈ ತಾಗಿದರೆ ಇಂಕ್‌ಜೆಟ್ಟಿನ ಶಾಯಿ ಹರಡುತ್ತದೆ. ಬಿಲ್ಲಿಗೆ ಬಳಸುವ ಥರ್ಮಲ್ ಕಾಗದವೂ ಬೇಡ, ಅದರ ಅಕ್ಷರ ಕಾಲಕ್ರಮೇಣ ಮಾಸುತ್ತದೆ. ಸ್ಟಿಕರ್ ಮೇಲೆ ಸೆಲ್ಲೋಟೇಪ್ ಅಂಟಿಸುವ ಸಲಹೆ ಬಂತು. ಹಳೆಯ ಪುಸ್ತಕಗಳಲ್ಲಿ ಹಳದಿಯಾಗಿ, ಗೋಂದು ಜಿನುಗಿ, ಪಕ್ಕದ ಪುಟಕ್ಕೂ ಹಿಡಿದುಕೊಂಡ ಟೇಪುಗಳನ್ನು ತೋರಿಸಿದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಬಾರ್‌ಕೋಡನ್ನು ಹಿಂದಿನ ರಟ್ಟಿನ ಒಳಬದಿಗೆ ಅಂಟಿಸಿದೆವು. ಅಲ್ಲಿ ಕೈಯ ಬೆವರು ಕಡಿಮೆ.

ರಾತ್ರಿಶಾಲೆಯಲ್ಲಿ ಪಾಠ ಹೇಳಿದ್ದ ಹಿರಿಯ ಮಾಸ್ತರರೊಬ್ಬರು ಭಾನುವಾರ ಬಂದು ಕೂರುತ್ತಾರೆ. ಅವರು ಒಂದೇ ಮಾತು ಹೇಳಿದರು: “ಸ್ಟಿಕರ್ ಕಿತ್ತು ಹೋದ್ರೂ ನಂಬರ್ ಪುಸ್ತಕದೊಳಗೇ ಉಳೀಬೇಕು. ಒಂದು ಪುಟ ಗೊತ್ತು ಮಾಡಿ, ಎಲ್ಲದರಲ್ಲೂ ಅದೇ ಪುಟದಲ್ಲಿ ಪೆನ್ಸಿಲಿನಿಂದ ಬರೀರಿ.”

“ಆಯ್ತು ಮಾಸ್ತ್ರೇ, 21ನೇ ಪುಟ?”

“21 ಸರಿ. ಸಣ್ಣ ಪುಸ್ತಕಕ್ಕೂ ಇಪ್ಪತ್ತೊಂದು ಪುಟ ಇರ್ತದೆ.”

ಇದು ಗ್ರಂಥಾಲಯಗಳಲ್ಲಿ ಹಿಂದಿನಿಂದ ನಡೆದುಬಂದ ಗುಟ್ಟಿನ ಪುಟದ ಪದ್ಧತಿ. ಈಗ ಸ್ಟಿಕರ್ ಅಂಟಿಸುವವರ ಪಕ್ಕದಲ್ಲೇ ಪೆನ್ಸಿಲ್ ಹಿಡಿದವರೊಬ್ಬರು ಕೂರುತ್ತಾರೆ.

ಕ್ಯೂಆರ್

ಕಪಾಟಿನ ಮೇಲೆ ಕ್ಯೂಆರ್ ಹಚ್ಚಿ, ಫೋನ್ ಹಿಡಿದರೆ ಆ ಕಪಾಟಿನ ಪಟ್ಟಿ ತೆರೆಯುವಂತೆ ಮಾಡೋಣ ಎಂದಿತ್ತು. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಾರ್ಖಾನೆಯ ಬಿಡಿಭಾಗ ಗುರುತಿಸಲೆಂದು ತಂದ ಈ ಚೌಕವನ್ನು ಈಗ ತರಕಾರಿ ಗಾಡಿಯಲ್ಲೂ ನೋಡುತ್ತೇವೆ. ಪುಕ್ಕಟೆ ಜನರೇಟರಿನಲ್ಲಿ ಎರಡು ಬಗೆ ಇರುತ್ತದೆ. ಸ್ಥಿರ ಬಗೆಯಲ್ಲಿ ನಾವು ಕೊಟ್ಟ ವಿಳಾಸವೇ ಚೌಕದೊಳಗೆ ಇರುತ್ತದೆ. ಡೈನಾಮಿಕ್ ಬಗೆಯಲ್ಲಿ ಜನರೇಟರಿನವರ ವಿಳಾಸ ಇರುತ್ತದೆ. ಅಲ್ಲಿಂದ ನಮ್ಮ ಪುಟಕ್ಕೆ ಕಳಿಸುತ್ತಾರೆ. ಅವರು ಚಂದಾ ಕೇಳಿದ ದಿನ ಕಪಾಟಿನ ಮೇಲಿನ ಚೌಕ ಸತ್ತಂತೆ. ಒಂದು ತಾಣ ಬಗೆ ಯಾವುದೆಂದು ಹೇಳದೆಯೇ ಎರಡನೆಯದನ್ನು ಕೊಟ್ಟಿತು. ಪ್ರಿಂಟಿಗೆ ಕೊಡುವ ಮುಂಚೆ ಫೋನಿನಲ್ಲಿ ಹಿಡಿದಾಗ ತೆರೆಯುವ ಮೊದಲೇ ವಿಳಾಸ ತೋರಿಸುತ್ತದಲ್ಲ, ಅದನ್ನು ಓದಿದಾಗ ನಮ್ಮದಲ್ಲ ಎಂದು ಗೊತ್ತಾಯಿತು. ಈ ಓದುವ ಕೆಲಸವನ್ನು ಯಾರೂ ಬಿಡಬಾರದು.

ಚೌಕದಲ್ಲಿ ಕನ್ನಡ ಬರಹವನ್ನೇ ತುಂಬಬಹುದು, ಆದರೆ ಜಾಗ ಬೇಗ ತಿನ್ನುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಕರ್ನಾಟಕ’ದಲ್ಲಿ ಏಳು ಸಂಕೇತ, ಅಂದರೆ 21 ಬೈಟ್. ಅತಿ ಚಿಕ್ಕ 21×21 ಚೌಕದಲ್ಲಿ, ತಿದ್ದುವ ಶಕ್ತಿಯನ್ನು ಕನಿಷ್ಠಕ್ಕಿಳಿಸಿದರೂ, 17 ಬೈಟ್ ಮಾತ್ರ ಹಿಡಿಯುತ್ತದೆ. ಅದೇ ಚೌಕದಲ್ಲಿ ಬರೀ ಅಂಕಿಗಳಾದರೆ ತಿದ್ದುವ ಶಕ್ತಿಯನ್ನು ಗರಿಷ್ಠಕ್ಕೇರಿಸಿಯೂ 17 ಅಂಕಿ ಕೂರುತ್ತವೆ. ಗರಿಷ್ಠ ‘ಎಚ್’ ಮಟ್ಟವೆಂದರೆ ಸುಮಾರು ಶೇ. 30ರಷ್ಟು ಹಾಳಾದರೂ ಓದಬಹುದಾದದ್ದು. ಕಪಾಟಿಗೆ ನಾವು ‘ಎಚ್’ ಮಟ್ಟವನ್ನೇ ಆರಿಸಿ, ಚಿಕ್ಕ ವಿಳಾಸ ಕೊಟ್ಟು, ಸುತ್ತ ನಾಲ್ಕು ಚುಕ್ಕೆಯಷ್ಟು ಬಿಳಿ ಅಂಚು ಬಿಟ್ಟೆವು.

ಪುಸ್ತಕದ ಬೆನ್ನಿನ ಲೇಬಲ್ಲಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ನಮ್ಮಲ್ಲಿರುವುದೆಲ್ಲ ಹೆಚ್ಚುಕಡಿಮೆ ಅದೇ ಆದ್ದರಿಂದ ಪ್ರತಿ ಬೆನ್ನಿನ ಮೇಲೂ ಅದನ್ನೇ ಬರೆದರೆ ಹುಡುಕುವವರಿಗೆ ಏನು ಉಪಯೋಗ? ಲೇಖಕರ ಹೆಸರಿಗೆ ಸಂಖ್ಯೆ ಕೊಡುವ ಕಟರ್ ಜನರೇಟರ್‌ಗಳು ರೋಮನ್ ಅಕ್ಷರವನ್ನೇ ಕೇಳುತ್ತವೆ; ‘ಭಟ್ಟ’ ಎಂಬುದನ್ನು ಮೂರು ಬಗೆಯಲ್ಲಿ ಬರೆಯುವ ನಮ್ಮಲ್ಲಿ ಒಬ್ಬರಿಗೇ ಮೂರು ಸಂಖ್ಯೆ ಬರುತ್ತದೆ. ಹಾಗಾಗಿ ಪ್ರಕಾರದ ಮೊದಲಕ್ಷರ, ಲೇಖಕರ ಹೆಸರಿನ ಮೊದಲ ಎರಡು ಅಕ್ಷರ, ಕೆಳಗೆ ಅಕ್ಸೆಷನ್ ನಂಬರ್. ಮುಗಿಯಿತು.

ಆಟದ ಸಾಮಾನು

ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದು. ಯಾವ ವಿಷಯದ ಪುಸ್ತಕ ಹೆಚ್ಚು ಹೋಗುತ್ತದೆಂದು ಪದಮೋಡದಲ್ಲಿ ತೋರಿಸೋಣ ಎಂದು ವರ್ಡ್ ಕ್ಲೌಡ್ ಜನರೇಟರಿಗೆ ಎರವಲು ರಿಜಿಸ್ಟರಿನ ಪದಗಳನ್ನು ಅಂಟಿಸಿದೆವು. ನಡುವೆ ದೊಡ್ಡದಾಗಿ ಬಂದದ್ದು ‘ಬರ’, ಪಕ್ಕದಲ್ಲಿ ‘ಲಯ’. ಯಾರ ಮನೆಯಲ್ಲೂ ಬರದ ಮೇಲೆ ಅಷ್ಟು ಪುಸ್ತಕ ಓದುವವರಿಲ್ಲ. ಬಿಡಿಸಿ ನೋಡಿದಾಗ ಕಾರಣ ತಿಳಿಯಿತು. ಪದಗಳನ್ನು ಬೇರ್ಪಡಿಸುವ ಆ ತಂತ್ರ ಇಳಿ, ಗುಡಿಸು, ಸೊನ್ನೆ, ಒತ್ತುಗಳನ್ನು ಅಕ್ಷರವೆಂದೇ ಎಣಿಸುವುದಿಲ್ಲ, ಅಲ್ಲಲ್ಲೇ ಕತ್ತರಿಸುತ್ತದೆ. ‘ಕಾದಂಬರಿ’ ಹೋಗಿ ಕ, ದ, ಬರ. ‘ಗ್ರಂಥಾಲಯ’ ಹೋಗಿ ಗ, ರ, ಥ, ಲಯ. ಒಂಟಿ ಅಕ್ಷರಗಳನ್ನು ಎಸೆದು ಉಳಿದದ್ದನ್ನು ಚಿತ್ರ ಮಾಡಿತ್ತು.

ಪರಿಹಾರ ಸರಳ. ಪಠ್ಯ ಅಂಟಿಸುವ ಬದಲು ‘ಪದ, ಎಷ್ಟು ಸಲ’ ಎಂಬ ಪಟ್ಟಿ ತೆಗೆದುಕೊಳ್ಳುವ ಜನರೇಟರ್ ಹಿಡಿಯುವುದು. ಎಣಿಕೆಯನ್ನು ಸ್ಪ್ರೆಡ್‌ಶೀಟಿನಲ್ಲೇ ಮಾಡಿಕೊಂಡರೆ ಅದಕ್ಕೆ ಕತ್ತರಿಸುವ ಕೆಲಸವೇ ಇಲ್ಲ, ಬರೆದು ತೋರಿಸುವುದಷ್ಟೇ. ‘ಕಾದಂಬರಿ’ ತನ್ನ ಪೂರ್ಣ ರೂಪದಲ್ಲಿ ನಡುವೆ ಬಂದು ಕೂತಿತು.

ಪದಬಂಧದ ಜನರೇಟರಿನಲ್ಲೂ ಬೇರು ಇದೇ. ಅದು ‘ಬೆಂಗಳೂರು’ ಪದಕ್ಕೆ ಎಂಟು ಮನೆ ಕೊಡುತ್ತದೆ: ಬ ಒಂದು, ಎತ್ವ ಒಂದು, ಸೊನ್ನೆ ಒಂದು, ಹೀಗೆ. ನಮಗೆ ಬೇಕಾದದ್ದು ನಾಲ್ಕು: ಬೆಂ, ಗ, ಳೂ, ರು. ‘ಶಾಸ್ತ್ರ’ಕ್ಕೆ ಅದು ಏಳು ಮನೆ ಕೊಟ್ಟರೆ ನಮ್ಮ ಲೆಕ್ಕದಲ್ಲಿ ಎರಡು. ಕನ್ನಡ ಪತ್ರಿಕೆಗಳ ಪದಬಂಧ ಬಿಡಿಸಿ ಬೆಳೆದವರಿಗೆ ಒಂದು ಮನೆಗೆ ಒಂದು ಪೂರ್ತಿ ಅಕ್ಷರವೇ ಬೇಕು, ಗುಡಿಸೊಂದೇ ಒಂದು ಮನೆಯಲ್ಲಿ ಕೂತರೆ ಅದು ಪದಬಂಧವೇ ಅಲ್ಲ.

ಇಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಇದಕ್ಕೆ ದಾರಿ ತೆಗೆದಳು. ಜನರೇಟರಿಗೆ ಕನ್ನಡವನ್ನೇ ಕೊಡಬೇಡಿ ಅಂದಳು. ಪ್ರತಿ ಕನ್ನಡ ಅಕ್ಷರಕ್ಕೂ ಒಂದೊಂದು ಚೀನೀ ಅಕ್ಷರವನ್ನು ಗುರುತಾಗಿ ಕೊಡುವುದು; ಚೀನೀ ಅಕ್ಷರಕ್ಕೆ ಕೊಂಬೂ ಇಲ್ಲ, ಒತ್ತೂ ಇಲ್ಲ, ಒಂದಕ್ಕೆ ಒಂದೇ ಸಂಕೇತ. ಮಕ್ಕಳು ಪದಗಳನ್ನು ಅಕ್ಷರಗಳಾಗಿ ಒಡೆದು ಅಡ್ಡಗೆರೆ ಹಾಕಿ ಬರೆದರು: ಬೆಂ-ಗ-ಳೂ-ರು, ಶಾ-ಸ್ತ್ರ, ಪು-ಸ್ತ-ಕ. ಸ್ಪ್ರೆಡ್‌ಶೀಟ್ ಅದರಲ್ಲಿನ ಬೇರೆ ಬೇರೆ ಅಕ್ಷರಗಳ ಪಟ್ಟಿ ಮಾಡಿತು, 19968ನೆಯ ಯೂನಿಕೋಡ್ ಸಂಕೇತದಿಂದ ಶುರುಮಾಡಿ ಒಂದೊಂದಕ್ಕೂ ಒಂದು ಚೀನೀ ಅಕ್ಷರ ಹಂಚಿತು. ಒಂದೇ ಕನ್ನಡ ಅಕ್ಷರಕ್ಕೆ ಎಲ್ಲೆಡೆ ಒಂದೇ ಗುರುತು ಇರುವುದರಿಂದ ಪದಗಳು ಅಡ್ಡ-ಉದ್ದ ದಾಟುವ ಜಾಗ ಸರಿಯಾಗಿಯೇ ಸಿಗುತ್ತದೆ. ಜನರೇಟರ್ ಕೊಟ್ಟ ಚೌಕವನ್ನು ಮತ್ತೆ ಸ್ಪ್ರೆಡ್‌ಶೀಟಿಗೆ ತಂದು ಗುರುತುಗಳ ಜಾಗದಲ್ಲಿ ಕನ್ನಡವನ್ನು ಮರಳಿಸಿದಳು. ‘ಪುಸ್ತಕ’ದ ‘ಕ’ ಮೇಲಿಂದ ಇಳಿದು ‘ಕವನ’ವಾದದ್ದನ್ನು ಪರದೆಯ ಮೇಲೆ ನೋಡಿದ ಮಕ್ಕಳು ಚಪ್ಪಾಳೆ ತಟ್ಟಿದರು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದುವ ಮಕ್ಕಳು ‘ಸ್ತ್ರ’ ಒಂದೇ ಅಕ್ಷರವೋ ಮೂರೋ ಎಂದು ತಮ್ಮತಮ್ಮಲ್ಲೇ ವಾದ ಮಾಡಿದ್ದು ನನಗೆ ಆ ದಿನದ ದೊಡ್ಡ ಸಂಪಾದನೆ.

ಹಳೆಯ ಕ್ಯಾಟಲಾಗ್ ಕಾರ್ಡಿನ ಚಿತ್ರ ಮಾಡಿಕೊಡುವ ಜನರೇಟರ್ ನೋಡಲು ಬಲು ಚೆಂದ, ಟೈಪ್‌ರೈಟರ್ ಅಕ್ಷರ, ಕೆಳಗೆ ಸರಳು ತೂರುವ ರಂಧ್ರ ಸಹಿತ. ಕನ್ನಡ ಹಾಕಿದರೆ ಮಾತ್ರ ಬರೀ ಡಬ್ಬಿಗಳು, ಅವರ ಸರ್ವರಿನಲ್ಲಿ ಕನ್ನಡ ಫಾಂಟಿಲ್ಲ. ಲಿಬ್ರೆಆಫೀಸಿನಲ್ಲಿ 12.5×7.5 ಸೆಂಟಿಮೀಟರಿನ ಕಾರ್ಡ್ ನಾವೇ ಎಳೆದು ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟ್ ಹಾಕಿದೆವು. ಅದನ್ನು ಮಾಡಿದ ‘ಏಕ್ ಟೈಪ್’ ಸಂಸ್ಥೆ ಇದೇ ಮುಂಬಯಿಯದು. ಮಕ್ಕಳು ತಾವು ಮುಂದೆ ಬರೆಯಲಿರುವ ಪುಸ್ತಕಕ್ಕೆ ಕಾರ್ಡ್ ತುಂಬಿದರು. ತಿರುಗುವ ಚಕ್ರದ ಜನರೇಟರ್ ಯಾವ ತಕರಾರೂ ಇಲ್ಲದೆ ಕನ್ನಡ ತೋರಿಸಿತು. ಚಕ್ರ ನಿಂತ ಪುಸ್ತಕವನ್ನು ಮನೆಗೆ ಒಯ್ಯುವ ಆಟ.

ಸದಸ್ಯರ ಗುರುತಿನ ಚೀಟಿ ಮಾಡುವ ಜನರೇಟರ್‌ಗಳೂ ಇವೆ. ಅವಕ್ಕೆ ಹೆಸರು, ಫೋನ್ ನಂಬರ್, ವಿಳಾಸ ಕೊಡಬೇಕು. ನಾವು ಕೊಡಲಿಲ್ಲ. ಜನ ಪುಸ್ತಕಕ್ಕೆಂದು ನಂಬಿ ಕೊಟ್ಟ ನಂಬರನ್ನು ಯಾರದೋ ಸರ್ವರಿಗೆ ಸುರಿಯುವುದು ಸರಿಯಲ್ಲ. ಪುಟ ತೆರೆದ ಮೇಲೆ ವೈಫೈ ತೆಗೆದು ನೋಡಿ, ಆಗಲೂ ಕೆಲಸ ಮಾಡುತ್ತಿದ್ದರೆ ಲೆಕ್ಕವೆಲ್ಲ ನಮ್ಮ ಬ್ರೌಸರಿನಲ್ಲೇ ನಡೆಯುತ್ತಿದೆ ಎಂದರ್ಥ. ನಿಂತುಹೋದರೆ ನಮ್ಮ ಮಾಹಿತಿ ಹೊರಗೆ ಹೋಗುತ್ತಿದೆ ಎಂದೇ ತಿಳಿಯಬೇಕು. ಬಾರ್‌ಕೋಡ್ ಜನರೇಟರನ್ನು ಆರಿಸಿದ್ದೂ ಹೀಗೆಯೇ. ಸದಸ್ಯರ ಚೀಟಿಯನ್ನು ಲ್ಯಾಪ್‌ಟಾಪಿನಲ್ಲೇ ಮೇಲ್ ಮರ್ಜ್ (ಪಟ್ಟಿಯ ಹೆಸರುಗಳನ್ನು ಒಂದೇ ಮಾದರಿಯ ಚೀಟಿಯಲ್ಲಿ ತಾನಾಗಿ ತುಂಬಿಸುವುದು) ಮಾಡಿದೆವು, ಅದರ ಮೇಲೆ ಹೆಸರು ಮತ್ತು ಸದಸ್ಯ ಸಂಖ್ಯೆ ಬಿಟ್ಟರೆ ಬೇರೇನಿಲ್ಲ.

ಕಾದಂಬರಿ ಮತ್ತು ಕಥೆಯ ಕಪಾಟುಗಳಿಗೆ ಸ್ಟಿಕರ್ ಹಚ್ಚಿ ಆಗಿದೆ. ಸ್ಕ್ಯಾನರ್ ಕಂಪ್ಯೂಟರಿನ ಪಾಲಿಗೆ ಇನ್ನೊಂದು ಕೀಬೋರ್ಡಿನಂತೆ, ಕರ್ಸರ್ ಇರುವ ಕೋಶದಲ್ಲಿ ನಂಬರ್ ತಾನೇ ಬರೆಯುತ್ತದೆ. ಬೇರೆ ತಂತ್ರಾಂಶ ಬೇಕಾಗಲಿಲ್ಲ. ಕೋಶವನ್ನು ‘ಪಠ್ಯ’ ಎಂದು ಗುರುತಿಸಿಡಬೇಕು, ಇಲ್ಲದಿದ್ದರೆ 001247ರ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ. ನಾಟಕ ಮತ್ತು ಯಕ್ಷಗಾನ ಪ್ರಸಂಗಗಳ ಕಪಾಟು ಬಾಕಿ ಇದೆ. ಪ್ರಸಂಗದ ಪುಸ್ತಿಕೆಗಳಿಗೆ ರಟ್ಟೇ ಇಲ್ಲ, ಕೆಲವಕ್ಕೆ 21ನೇ ಪುಟವೂ ಇಲ್ಲ. ಅವುಗಳನ್ನು ಗಟ್ಟಿ ಕಾಗದದ ಲಕೋಟೆಯಲ್ಲಿಟ್ಟು, ಬಾರ್‌ಕೋಡನ್ನು ಲಕೋಟೆಗೆ ಅಂಟಿಸಿ, ಪೆನ್ಸಿಲ್ ನಂಬರನ್ನು ಕೊನೆಯ ಪುಟದಲ್ಲಿ ಬರೆಯುವುದೆಂದು ಮಾಸ್ತರರೂ ನಾವೂ ಕೂಡಿ ತೀರ್ಮಾನಿಸಿದ್ದೇವೆ.